ಏಳು ಕೆಜಿಯಲ್ಲಿ ಮಗಳನ್ನು ಕಳಿಸಿದ್ದು

ಮಗಳ ವಿಮಾನದ ಟಿಕೆಟ್ಟನ್ನು ನಾನು ಮೂರ್ನಾಲ್ಕು ಸಲ ಓದಿದೆ. ಇಂಗ್ಲಿಷನ್ನು ನಾನು ಓದುವುದೇ ಒಂದೊಂದು ಅಕ್ಷರ ಕೂಡಿಸಿಕೊಂಡು. ಶಾಲೆಯ ಮುಖ ನೋಡಿದ್ದು ಮೀಸೆ ಮೂಡಿದ ಮೇಲೆ, ಅದೂ ರಾತ್ರಿ ಶಾಲೆ. ಹತ್ತನೇ ತರಗತಿ ಪರೀಕ್ಷೆ ಕಟ್ಟಿದಾಗ ಮಗಳು ಆಗಲೇ ಮಿಡ್ಲ್ ಸ್ಕೂಲಿನಲ್ಲಿದ್ದಳು, ಲೆಕ್ಕವನ್ನು ಅವಳೇ ನನಗೆ ಹೇಳಿಕೊಟ್ಟಿದ್ದಳು. ಟಿಕೆಟ್ಟಿನಲ್ಲಿ ಅವಳ ಹೆಸರು ಸರಿಯಾಗಿತ್ತು. ಬೆಂಗಳೂರಿನಿಂದ ಪುಣೆಗೆ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಕೈಯಲ್ಲಿ ಹಿಡಿದುಕೊಂಡು ಹೋಗುವ ಚೀಲ ಒಂದು, ಏಳು ಕೆಜಿ ಎಂದಿತ್ತು. ಬೇರೆ ಸಾಮಾನು ಎನ್ನುವ ಕಡೆ ಸೊನ್ನೆ.

ಚಿಂತಾಮಣಿಯ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಹುಡುಗ ಟಿಕೆಟ್ ಮಾಡಿಕೊಟ್ಟಿದ್ದ.

"ಅಣ್ಣ, ಇರೋದ್ರಲ್ಲಿ ಇದೇ ಕಮ್ಮಿದು. ಬರೀ ಕೈಚೀಲದ ಟಿಕೆಟ್. ಏಳರ ಮೇಲೆ ಹೋದ್ರೆ ಅಲ್ಲೇ ದುಡ್ಡು ಕೀಳ್ತಾರೆ. ಅದು ಟಿಕೆಟ್‌ಗಿಂತ ಜಾಸ್ತಿ ಆದ್ರೂ ಆಗುತ್ತೆ ನೋಡಿ" ಎಂದ.

"ತೂಕದ ವಿಷಯ ನಂಗ್ ಬಿಡಪ್ಪ" ಎಂದೆ ನಾನು.

ಹಾಗೆ ಹೇಳಲು ಕಾರಣವಿತ್ತು. ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ನನ್ನ ಕೆಲಸವೇ ತೂಕ ಹಾಕುವುದು. ರೈತರು ಇಳಿಸಿದ ಕ್ರೇಟುಗಳನ್ನು ಒಂದಾದ ಮೇಲೊಂದು ತಕ್ಕಡಿಗೆ ಎತ್ತಿಸಿ, ಅಂಕಿ ಕೂಗಿ ಹೇಳುವುದು. ಮದುವೆಯಾದಾಗಿನಿಂದ ಇದೇ ಕೆಲಸ. ಮೊದಲು ಕಲ್ಲು ಬಟ್ಟಿನ ತಕ್ಕಡಿ ಇತ್ತು, ಆಮೇಲೆ ಕರೆಂಟಿನದು ಬಂತು.

ಮಗಳು ಹೋಗಬೇಕಾಗಿ ಬಂದದ್ದು ಯಾಕೆ ಎಂದು ಹೇಳಬೇಕು. ಅವಳನ್ನು ಮಂಚೇನಹಳ್ಳಿ ಕಡೆಗೆ ಕೊಟ್ಟಿದ್ದೆವು. ಜಮೀನಿತ್ತು, ಎರಡು ಬೋರು, ಟ್ರ್ಯಾಕ್ಟರು, ಮನೆ ಮುಂದೆ ಬಿಳಿ ಕಾರು. ಅವಳು ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದಿ ಮುಗಿಸಿದ್ದಳು. ಕೆಲಸಕ್ಕೆ ಕಳಿಸುತ್ತೇವೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. ಗೌರಿಬಿದನೂರಿನ ಒಂದು ನರ್ಸಿಂಗ್ ಹೋಮಿಗೆ ಕೆಲವು ತಿಂಗಳು ಹೋದಳು ಕೂಡ. ಒಂದು ದಿನ ಡ್ಯೂಟಿ ಮುಗಿಸಿ ಬಸ್ಸು ತಪ್ಪಿ ಕತ್ತಲಾದ ಮೇಲೆ ಮನೆಗೆ ಬಂದಾಗ ಅಳಿಯ ಬಾಗಿಲಲ್ಲೇ ನಿಂತಿದ್ದನಂತೆ. ಆವತ್ತು ಕೊಟ್ಟ ಏಟಿಗೆ ಅವಳ ಎಡಗಿವಿ ಮಂದವಾಯಿತು. ಈಗಲೂ ಫೋನನ್ನು ಬಲಗಿವಿಗೇ ಹಿಡಿಯುತ್ತಾಳೆ. ಕೆಲಸ ಅಲ್ಲಿಗೆ ನಿಂತಿತು. ಏಟು ನಿಲ್ಲಲಿಲ್ಲ.

ತವರಿಗೆ ಬಂದಾಗಲೆಲ್ಲ ಅವರ ಕಡೆಯ ಹಿರಿಯರು ಹಿಂದೆಯೇ ಬರುತ್ತಿದ್ದರು. ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿದು, "ನಾಲ್ಕು ಪಾತ್ರೆ ಒಂದ್ಕಡೆ ಇದ್ಮೇಲೆ ಸದ್ದು ಆಗದಿರ್ತದೇನಯ್ಯಾ" ಎಂದು ನ್ಯಾಯ ಹೇಳಿ, ಅವಳನ್ನು ಕಾರಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. ಕಳೆದ ಸಲ ಕಾರು ಹತ್ತುವಾಗ ಅವಳು ನನ್ನ ಕಡೆ ತಿರುಗಲೇ ಇಲ್ಲ. ಅದಾದ ಮೇಲೆ ನನಗೂ ನನ್ನ ಹೆಂಡತಿಗೂ ಒಂದು ವಿಷಯ ತಿಳಿಯಿತು. ಮಂಚೇನಹಳ್ಳಿಗೂ ಚಿಂತಾಮಣಿಗೂ ನಡುವಿನ ದೂರ ಸಾಲದು. ಅವರು ಕಾರು ತೆಗೆದರೆ ಮಧ್ಯಾಹ್ನದೊಳಗೆ ಬಂದು ನಿಲ್ಲುತ್ತಾರೆ. ಕಾರಿನಲ್ಲಿ ಬಂದು ಕರೆದುಕೊಂಡು ಹೋಗಲಾಗದಷ್ಟು ದೂರಕ್ಕೆ ಅವಳು ಹೋಗಬೇಕು.

ಅವಳ ಜೊತೆ ಓದಿದ ಹುಡುಗಿಯೊಬ್ಬಳು ಪುಣೆಯ ದೊಡ್ಡ ಆಸ್ಪತ್ರೆಯಲ್ಲಿ ಇದ್ದಳು. ಅವಳೇ ಅಲ್ಲಿ ಮಾತಾಡಿ ಕೆಲಸಕ್ಕೆ ದಾರಿ ಮಾಡಿದಳು, ಹಾಸ್ಟೆಲಿನಲ್ಲಿ ತನ್ನ ಕೋಣೆಯಲ್ಲೇ ಜಾಗವಿದೆ ಎಂದಳು. ಸೋಮವಾರ ಬೆಳಿಗ್ಗೆ ಸರ್ಟಿಫಿಕೇಟುಗಳ ಸಮೇತ ಹಾಜರಾಗಬೇಕಿತ್ತು. ಶಿಡ್ಲಘಟ್ಟದಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶವಿತ್ತು. ಅದರ ನೆಪ ಹೇಳಿ ಶುಕ್ರವಾರ ತವರಿಗೆ ಬಂದಳು. ಎರಡು ದಿನಕ್ಕೆ ಬರುವವಳ ಕೈಯಲ್ಲಿ ಎಷ್ಟಿರಬೇಕೋ ಅಷ್ಟೇ ಇತ್ತು. ಎರಡು ಸೀರೆ, ಒಂದು ಟವಲು. ಸೀರೆಯ ಮಡಿಕೆಯೊಳಗೆ ಸರ್ಟಿಫಿಕೇಟುಗಳ ಫೈಲು. ಅತ್ತೆ ಬಾಗಿಲ ತನಕ ಬಂದು, ಸೀರೆಗೆ ಇಷ್ಟು ದೊಡ್ಡ ಚೀಲ ಯಾಕೆ ಎಂದು ಕೇಳಿದರಂತೆ. ಬರುವಾಗ ಅವರೆಕಾಯಿ ತರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದ್ದಳು. ಅಳಿಯ ಭಾನುವಾರ ಸಂಜೆ ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ವಿಮಾನ ಭಾನುವಾರ ಮಧ್ಯಾಹ್ನ.

ಶನಿವಾರ ಚೀಲ ತುಂಬಿದೆವು. ಸೀರೆಗಳನ್ನು ಹೊರಗಿಟ್ಟಳು. ಓದುವಾಗ ಹಾಕುತ್ತಿದ್ದ ಬಿಳಿ ಯೂನಿಫಾರಂ ಎರಡು ಜೊತೆ ನಮ್ಮ ಬೀರುವಿನಲ್ಲೇ ಇದ್ದವು. ಅವು, ಬಿಳಿ ಶೂ, ಎರಡು ಚೂಡಿದಾರ್, ಒಂದು ಸ್ವೆಟರ್, ಒಂದು ತಟ್ಟೆ, ಒಂದು ಲೋಟ, ಟಿಫನ್ ಡಬ್ಬಿ, ಫೈಲು. ಒಂದು ಹೆಣ್ಣುಮಗಳ ಸಂಸಾರ ಅಷ್ಟರಲ್ಲಿ ಹಿಡಿಯಬೇಕಿತ್ತು. ಝಿಪ್ಪು ಎಳೆದು, ಭುಜಕ್ಕೆ ಹಾಕಿಕೊಂಡು, ನಾನು ಮಂಡಿಗೆ ನಡೆದೆ. ವ್ಯಾಪಾರ ಮುಗಿದು ಗುಡಿಸುತ್ತಿದ್ದರು. ಚೀಲವನ್ನು ತಕ್ಕಡಿಯ ಮೇಲಿಟ್ಟೆ. ಐದು ಕೆಜಿ ಚಿಲ್ಲರೆ ತೋರಿಸಿತು.

ಮನೆಗೆ ಬಂದು ಹೇಳಿದಾಗ ಹೆಂಡತಿ ಅಡುಗೆಮನೆಯಿಂದ ಎದ್ದು ಬಂದಳು.

"ಹಂಗಾದ್ರೆ ಇನ್ನೂ ಎರಡು ಕೆಜಿ ಹತ್ರ ಜಾಗ ಐತೆ ಅಂತಾಯ್ತು."

"ಐತೆ. ಏನಾಕ್ತೀಯಾ?"

"ಮಡಿಲಕ್ಕಿ."

ಮಗಳು ತಲೆ ಎತ್ತಿದಳು. "ಅಮ್ಮಾ, ನಾನೇನು ಗಂಡನ ಮನೆಗೆ ಹೋಗ್ತಿದೀನಾ? ಅದೆಲ್ಲ ಯಾಕೆ ಇವಾಗ?"

ನನ್ನ ಹೆಂಡತಿಯದು ಮಾತು ಕಡಿಮೆ. ಆವತ್ತು ಆಡಿದಳು. "ಹೊಡ್ಸ್ಕೊಳ್ಳಾಕೆ ಹೋಗೋವಾಗೆಲ್ಲ ಮಡಿಲು ತುಂಬಿ ಕಳ್ಸಿದೀನಿ ಕಣೇ. ಕಾರು ಹತ್ಸೋವಾಗೆಲ್ಲ ತುಂಬಿದೀನಿ. ಇವಾಗ ಬದುಕಾಕೆ ಹೋಗ್ತಿದೀಯಾ. ಇವಾಗ ಬರೀ ಮಡಿಲಲ್ಲಿ ಕಳ್ಸಲಾ?"

ದೇವರ ಮುಂದೆ ಮಣೆ ಹಾಕಿ ಮಗಳನ್ನು ಕೂರಿಸಿ, ವೇಲಿನ ಸೆರಗು ಹಿಡಿಸಿ, ಅಕ್ಕಿ, ಬೆಲ್ಲದ ಅಚ್ಚು, ಕೊಬ್ಬರಿ ಗಿಟುಕು, ಅರಿಶಿನದ ಕೊಂಬು, ಎಲೆ ಅಡಿಕೆ ಎಲ್ಲವನ್ನೂ ಸುರಿದಳು. ಮಗಳು ಪದ್ಧತಿಯಂತೆ ಒಂದು ಹಿಡಿ ಅಕ್ಕಿಯನ್ನು ಮನೆಗೆಂದು ಮೊರಕ್ಕೆ ಹಾಕಿದಳು. ಉಳಿದದ್ದನ್ನು ಬಟ್ಟೆಯ ಗಂಟು ಕಟ್ಟಿ ಚೀಲದಲ್ಲಿ ಶೂ ಪಕ್ಕ ಇಟ್ಟರು. ಗಂಟನ್ನು ಕೈಯಲ್ಲಿ ಎತ್ತಿ ನೋಡಿ, ಎರಡು ಕೆಜಿಗೆ ಸ್ವಲ್ಪ ಕಡಿಮೆ ಎಂದೆ. ಏಳು ದಾಟುವುದಿಲ್ಲ ಎಂದು ಮೂವರಿಗೂ ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಮಗಳ ಫೋನು ಹೊಡೆದುಕೊಂಡಿತು. ಅವಳು ಎತ್ತಿ ಬಲಗಿವಿಗೆ ಹಿಡಿದಳು. "ಹೂಂ... ಹೂಂ... ಸಾಯಂಕಾಲ ಅಂದಿದ್ರಲ್ಲ... ಸರಿ." ಇಟ್ಟಳು. ಬೆರಳಿಗೆ ಅಂಟಿದ ಚಟ್ನಿಯನ್ನು ನೋಡುತ್ತಾ ಹೇಳಿದಳು, "ಇವಾಗ್ಲೇ ಹೊರಟವ್ರಂತೆ. ಮನೆಗ್ ಯಾರೋ ಬರ್ತಾರಂತೆ, ಅಡುಗೆ ಆಗ್ಬೇಕಂತೆ."

ಹೆಂಡತಿ ತಟ್ಟೆಗಳನ್ನು ತೊಳೆಯದೆ ಹಾಗೇ ಬಿಟ್ಟಳು. ನನಗೆ ತಿಳಿದಂತೆ ಅದೇ ಮೊದಲು.

ಬಸ್ಸಿಗೆ ಕಾಯುತ್ತಾ ಸ್ಟ್ಯಾಂಡಿನಲ್ಲಿ ನಿಲ್ಲುವ ಹಾಗಿರಲಿಲ್ಲ, ಊರವರೆಲ್ಲ ನೋಡುತ್ತಾರೆ. ಮಂಡಿಯಿಂದ ಯಲಹಂಕಕ್ಕೆ ಟೊಮೆಟೊ ಹೊಡೆಯುವ ಪಿಕಪ್ಪಿನ ಡ್ರೈವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವನು ಆಂಧ್ರದ ಗಡಿಯ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಗಾಡಿಯನ್ನು ನಮ್ಮ ಬೀದಿಗೇ ತಂದು ನಿಲ್ಲಿಸಿದ. ತಾಯಿ ಮಗಳು ಮುಂದೆ ಕೂತರು. ನಾನು ಹಿಂದೆ ಕ್ರೇಟುಗಳ ನಡುವೆ ಹತ್ತಿಕೊಂಡೆ.

"ಏಮಣ್ಣಾ, ಅಳಿಯ ಬರ್ತಾನೆ ಅಂದ್ರೆ ಕೋಳಿ ಕುಯ್ಯೋ ಮಾವನ್ನ ನೋಡಿದೀನಿ. ಊರು ಬಿಟ್ಟು ಓಡೋ ಮಾವನ್ನ ಇವತ್ತೇ ನೋಡಿದ್ದು" ಎಂದ ಡ್ರೈವರು.

"ಬೇಗ ಹೋಗಪ್ಪ."

"ಪದ ಪದ, ನಡಿ ಹೋಗಾಣ" ಎನ್ನುತ್ತಾ ಗಾಡಿ ಎಳೆದ.

ನಾವು ಹೋಗುವ ದಾರಿಯೂ ಅವನು ಬರುವ ದಾರಿಯೂ ಶಿಡ್ಲಘಟ್ಟದಲ್ಲಿ ಒಂದಾಗುತ್ತವೆ. ಅದು ನನಗೆ ಗಾಡಿ ಹತ್ತುವ ಮೊದಲೇ ಗೊತ್ತಿತ್ತು. ಹೆಂಡತಿಗೆ ಹೇಳಿರಲಿಲ್ಲ. ರೇಷ್ಮೆ ಗೂಡು ತುಂಬಿದ ಗಾಡಿಗಳು ಸರ್ಕಲ್ಲಿನಲ್ಲಿ ಅಡ್ಡಾದಿಡ್ಡಿ ನುಗ್ಗಿ ಎರಡೂ ಕಡೆಯ ರಸ್ತೆ ಕಟ್ಟಿಹೋಗಿತ್ತು. ಕ್ರೇಟುಗಳ ಸಂದಿಯಿಂದ ನೋಡುತ್ತಿದ್ದೆ. ಎದುರು ಸಾಲಿನಲ್ಲಿ ಬಿಳಿ ಕಾರು. ಕನ್ನಡಿಗೆ ನೇತುಹಾಕಿದ ನಿಂಬೆಹಣ್ಣು ಮೆಣಸಿನಕಾಯಿ, ಬಾನೆಟ್ಟಿನ ಮೇಲೆ ತರಚಿದ ಗಾಯ. ಅವನದೇ. ಸಾಲು ಒಂದೊಂದೇ ಗಾಡಿಯಷ್ಟು ಸರಿಯುತ್ತಾ ಕಾರು ನಮ್ಮ ಪಕ್ಕಕ್ಕೆ ಬಂತು. ಅವನು ಗಾಜು ಇಳಿಸಿ, ಮೊಣಕೈ ಹೊರಗಿಟ್ಟು, ಹಾರ್ನ್ ಮಾಡುತ್ತಿದ್ದ. ನಾನು ಕೈ ಚಾಚಿದ್ದರೆ ಆ ಮೊಣಕೈ ಮುಟ್ಟಬಹುದಿತ್ತು. ಮುಂದಿನ ಸೀಟಿನಲ್ಲಿ ಏನಾಗುತ್ತಿದೆಯೋ ನನಗೆ ಕಾಣಿಸುವಂತಿರಲಿಲ್ಲ. ಉಸಿರು ಕಟ್ಟಿಕೊಂಡು ಟೊಮೆಟೊ ಮೇಲೆ ಮುಖವಿಟ್ಟು ಮಲಗಿದೆ.

"ಏಯ್, ಟೊಮೆಟೊ! ಸೈಡಿಗ್ ಹಾಕಯ್ಯಾ, ನಿಮ್ಮಪ್ಪನ ರೋಡಾ?" ಅಳಿಯನ ದನಿ.

"ನಿಮ್ಮ ಕಾರ್ ಹಿಂದ್ಕೆ ತಗೊಳ್ಳಿ ಸ್ವಾಮಿ, ನಂದು ಹಣ್ಣು, ಕುಲುಕಿದ್ರೆ ಸಾರಾಗ್ತೈತೆ" ಎಂದ ನಮ್ಮ ಡ್ರೈವರು.

ಸಾಲು ಸಡಿಲವಾಯಿತು. ಕಾರು ಚಿಂತಾಮಣಿ ಕಡೆಗೆ ಹೋಯಿತು. ಆಮೇಲೆ ಗೊತ್ತಾದದ್ದು, ಹೆಂಡತಿ ಮಗಳ ತಲೆಯನ್ನು ತನ್ನ ತೊಡೆಯ ಮೇಲೆ ಒತ್ತಿಕೊಂಡು, ಮೇಲೆ ಸೆರಗು ಮುಚ್ಚಿ, ಹುಷಾರಿಲ್ಲದ ಹುಡುಗಿಯನ್ನು ಕರೆದುಕೊಂಡು ಹೋಗುವವಳಂತೆ ತಾನೂ ಮುಖ ಮುಚ್ಚಿಕೊಂಡು ಕೂತಿದ್ದಳು.

ಏರ್‌ಪೋರ್ಟಿನ ಬಾಗಿಲ ತನಕ ಟೊಮೆಟೊ ಗಾಡಿ ಬಿಡುವುದಿಲ್ಲ. ದೇವನಹಳ್ಳಿ ದಾಟಿ ಹೈವೇಯ ತಿರುವಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದೆವು. ವಿಮಾನಗಳು ನಮ್ಮ ತಲೆಯ ಮೇಲೆ ಹಾರುವುದನ್ನು ಇಷ್ಟು ವರ್ಷ ನೋಡಿದ್ದೇವೆ, ಒಳಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಮಗಳೇ ಬೋರ್ಡು ಓದಿಕೊಂಡು ಮುಂದೆ ನಡೆದಳು. ಬಾಗಿಲಲ್ಲಿ ಬಂದೂಕಿನ ಪೊಲೀಸಿನವನು ಅವಳ ಟಿಕೆಟ್ಟು, ಆಧಾರ್ ನೋಡಿದ. ನಮ್ಮಿಬ್ಬರಿಗೆ ಕೈ ಅಡ್ಡ ಹಿಡಿದ.

ಅಪ್ಪಿಕೊಳ್ಳಲಿಕ್ಕೂ ಆಗಲಿಲ್ಲ, ಹಿಂದೆ ಜನ ತಳ್ಳುತ್ತಿದ್ದರು. ಅವಳು ಒಳಗೆ ಹೋದಳು. ನಾವು ಗಾಜಿನ ಗೋಡೆಗೆ ಹಣೆ ಒತ್ತಿ ನಿಂತೆವು. ಸ್ವಲ್ಪ ಹೊತ್ತು ಅವಳ ಹಸಿರು ವೇಲು ಕಾಣಿಸಿತು, ಆಮೇಲೆ ಜನರಲ್ಲಿ ಕಳೆದುಹೋಯಿತು. ಹೋದಳು, ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ನನಗೆ ಮಗಳ ಫೋನು ಬಂತು.

"ಅಪ್ಪಾ, ಎಂಟು ಮುಕ್ಕಾಲು ತೋರಿಸ್ತೈತೆ."

"ಏನಮ್ಮಾ?"

"ಚೀಲ. ಒಳಗ್ ಹೋಗೋ ದಾರೀಲಿ ನಿಂತ್ಕೊಂಡು ಎಲ್ಲಾರ್ದೂ ತೂಕ ಹಾಕ್ತಾವ್ರೆ. ಏಳಕ್ಕೆ ಎಂಟು ಮುಕ್ಕಾಲು ಬಂದೈತೆ. ನೀನು ನೋಡಿದ್ಯಲ್ಲಪ್ಪಾ?"

ಎಂಟು ಮುಕ್ಕಾಲು ಎಂದ ಕೂಡಲೇ ನನಗೆ ಗೊತ್ತಾಯಿತು. ಹೆಚ್ಚಾದ ಒಂದೂ ಮುಕ್ಕಾಲು ಕೆಜಿ ಏನೆಂದು ಚಿಂತಾಮಣಿಯ ಯಾವ ಮಂಡಿಯವನಿಗೂ ಗೊತ್ತು. ಅದು ಖಾಲಿ ಕ್ರೇಟಿನ ತೂಕ. ಬೆಳಿಗ್ಗೆ ತಕ್ಕಡಿ ಹಾಕಿದ ಕೂಡಲೇ ಅದರ ಮೇಲೆ ಒಂದು ಖಾಲಿ ಕ್ರೇಟಿಟ್ಟು ಗುಂಡಿ ಒತ್ತಿ ಸೊನ್ನೆ ಮಾಡಿಬಿಡುತ್ತೇವೆ. ಆಮೇಲೆ ದಿನವಿಡೀ ಅದು ಕ್ರೇಟು ಕಳೆದು ಬರೀ ಹಣ್ಣಿನ ತೂಕ ತೋರಿಸುತ್ತದೆ. ಮೇಲೆ ಏನೂ ಇಲ್ಲದಾಗ ಮೈನಸ್ಸು ಒಂದೂ ಮುಕ್ಕಾಲು ಎಂದು ಕೆಂಪಗೆ ಉರಿಯುತ್ತಿರುತ್ತದೆ. ಆ ಮೈನಸ್ಸನ್ನು ದಿನಾ ನೋಡಿ ನೋಡಿ ನನ್ನ ಕಣ್ಣಿಗೆ ಅದೇ ಸೊನ್ನೆಯಾಗಿ ಹೋಗಿತ್ತು. ಚೀಲಕ್ಕೆ ಕ್ರೇಟು ಇರಲಿಲ್ಲ. ಇಲ್ಲದ ಕ್ರೇಟನ್ನು ತಕ್ಕಡಿ ಕಳೆಯಿತು. ಜಾಗವೇ ಇಲ್ಲದ ಚೀಲಕ್ಕೆ ಜಾಗವಿದೆ ಎಂದು ನಾನು ಮನೆಗೆ ಬಂದು ಹೇಳಿದೆ.

"ದುಡ್ ಕಟ್ಟಮ್ಮಾ, ಎಷ್ಟಾದ್ರೂ ಆಗ್ಲಿ."

"ಕ್ಯಾಶ್ ತಗೊಳಲ್ವಂತೆ. ಕಾರ್ಡು, ಇಲ್ಲಾಂದ್ರೆ ಫೋನಲ್ಲಿ ಹಾಕ್ಬೇಕಂತೆ."

ಅವಳ ಕೈಯಲ್ಲಿ ಕಾರ್ಡಿತ್ತು. ಅವಳ ಬ್ಯಾಂಕಿನ ಖಾತೆಗೆ ಹಾಕಿಸಿದ್ದ ನಂಬರ್ ಮಾತ್ರ ಅವಳ ಗಂಡನದು. ಗೌರಿಬಿದನೂರಿನಲ್ಲಿ ಸಂಬಳ ಬರುತ್ತಿದ್ದ ಕಾಲದಲ್ಲೇ ಅವನು ಹಾಗೆ ಮಾಡಿಸಿದ್ದ. ಆ ಕಾರ್ಡನ್ನು ಎಲ್ಲಿ ಉಜ್ಜಿದರೂ, ಎಲ್ಲಿ ಉಜ್ಜಿದಳು ಎಂದು ಅವನ ಫೋನಿಗೆ ಮೆಸೇಜು ಬೀಳುತ್ತದೆ. ಅವಳು ಬಸ್ಸಿನಲ್ಲಿ ಹೋದಳೋ ರೈಲಿನಲ್ಲಿ ಹೋದಳೋ ಅವನಿಗೆ ತಿಳಿಯಬಾರದು, ಅದೇ ನಮ್ಮ ಪ್ಲಾನಿನ ಜೀವ. ಅವನ ಚಿಕ್ಕಪ್ಪನ ಮಗ ಈ ಏರ್‌ಪೋರ್ಟಿನಲ್ಲೇ ಟ್ಯಾಕ್ಸಿ ಓಡಿಸುತ್ತಾನೆ. ಮೆಸೇಜು ಹೋದರೆ ಅವನು ನಾವು ನಿಂತ ಜಾಗಕ್ಕೆ ಐದು ನಿಮಿಷದಲ್ಲಿ ಬರುತ್ತಾನೆ, ಯಾವ ಊರಿನ ವಿಮಾನ ಎಂದು ಪತ್ತೆ ಮಾಡುತ್ತಾನೆ. ನನ್ನ ಫೋನಿನಲ್ಲಿ ದುಡ್ಡು ಹಾಕುವ ವ್ಯವಸ್ಥೆ ಇಲ್ಲ. ತಪ್ಪು ಒತ್ತಿದರೆ ಗತಿಯೇನು ಎಂದು ನಾನೇ ಮಾಡಿಸಿಕೊಂಡಿರಲಿಲ್ಲ.

"ಪಕ್ಕದೋರನ್ನ ಕೇಳಮ್ಮಾ. ಅವ್ರ ಕೈಗೆ ಕ್ಯಾಶ್ ಕೊಡ್ತೀನಿ, ನೀವು ಹಾಕಿ ಅನ್ನು."

"ಕೇಳ್ದೆ ಅಪ್ಪಾ. ಇಬ್ರನ್ನ ಕೇಳ್ದೆ. ಒಬ್ರು ಫೋನ್ ಜೇಬಿಗ್ ಇಟ್ಕೊಂಡ್ಬಿಟ್ರು. ಮೋಸ ಮಾಡೋಳು ಅಂದ್ಕೊಂಡ್ರು."

ಅವಳ ಪಕ್ಕದಲ್ಲಿ ಒಂದು ಹೆಣ್ಣುದನಿ, ವಿಮಾನದ ಕಂಪನಿಯ ಹುಡುಗಿಯದು, ಫೋನಿನಲ್ಲಿ ಕೇಳಿಸಿತು. "ಅಕ್ಕ, ಏಳರ ಮೇಲೆ ಬಿಟ್ರೆ ನಂಗೆ ಬೈತಾರೆ. ಒಂದಾ ಕಟ್ಟಿ, ಇಲ್ಲ ಏನಾದ್ರೂ ತೆಗೀರಿ. ಸೈಡಿಗೆ ಬನ್ನಿ ಪ್ಲೀಸ್, ಹಿಂದೆ ಲೈನ್ ಇದೆ. ಟೈಮ್ ಆಗ್ತಿದೆ ನಿಮ್ ಫ್ಲೈಟಿಗೆ."

ನಾನು ಬಾಗಿಲ ಹತ್ತಿರ ಓಡಿದೆ. ಪೊಲೀಸಿನವನಿಗೆ ಕೈ ಮುಗಿದೆ. ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ. ಅವನು ಹಿಂದಿಯಲ್ಲಿ ಏನೋ ಅಂದ. ನೋಟುಗಳನ್ನು ತೆಗೆದು ಒಳಗೆ ತೋರಿಸಿದೆ, ಇದನ್ನು ಇಟ್ಟುಕೊಂಡು ಮಗಳ ದುಡ್ಡನ್ನು ನೀವು ಫೋನಿನಲ್ಲಿ ಹಾಕಿ ಎನ್ನುವ ಹಾಗೆ. ಅವನು ಅದನ್ನು ಬೇರೆ ಥರ ಅರ್ಥ ಮಾಡಿಕೊಂಡನೋ ಏನೋ, ಮುಖ ಬಿಗಿದು ನನ್ನ ಎದೆಗೆ ಅಂಗೈ ಇಟ್ಟು ಹಿಂದಕ್ಕೆ ತಳ್ಳಿದ. ಕಾಯುತ್ತಿದ್ದವರೆಲ್ಲ ನೋಡಿದರು. ಅದೇ ಹೊತ್ತಿಗೆ ಫೋನಿನೊಳಗೆ ಇನ್ನೊಂದು ಕರೆ ಟೊಯ್ ಟೊಯ್ ಎಂದು ಬರತೊಡಗಿತು. ಕಣ್ಣ ಮುಂದೆ ಹಿಡಿದು ನೋಡಿದೆ. ಅಳಿಯ. ನಮ್ಮ ಮನೆಯ ಬೀಗ ನೋಡಿದ್ದಾನೆ.

"ಅಪ್ಪಾ, ಅವ್ರು ನಂಗೂ ಮಾಡ್ತಾವ್ರೆ" ಎಂದಳು ಮಗಳು. ಅವಳ ದನಿ ತೆಳುವಾಗಿತ್ತು. "ನಾನು ವಾಪಸ್ ಬಂದ್ಬಿಡ್ಲಾ? ಇವಾಗ ಬಂದ್ರೆ, ಬಜಾರಿಗ್ ಹೋಗಿದ್ವಿ ಅನ್ನಬಹುದು."

ಈ ಮಾತನ್ನು ಇಲ್ಲಿ ಟೈಪ್ ಮಾಡುವಾಗಲೂ ನನ್ನ ಬೆರಳು ನಿಲ್ಲುತ್ತದೆ. ಏಳು ವರ್ಷ ಹಲ್ಲು ಕಚ್ಚಿದವಳು, ಒಂದು ತಕ್ಕಡಿಯ ಅಂಕಿಗೆ ಸೋತು ಹಿಂದಕ್ಕೆ ಬರಲು ಸಿದ್ಧಳಾಗಿದ್ದಳು. ಬಂದರೆ ಮತ್ತೆ ಆ ಮನೆಯಿಂದ ಹೊರಗೆ ಬಿಡುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

"ಏನೇನೈತೆ ತೆಗ್ದ್ ಬಿಸಾಕು. ಅಕ್ಕಿ ಬಿಸಾಕು ಮೊದ್ಲು. ಆ ಗಂಟು ಹೋದ್ರೆ ಸರಿಹೋಗ್ತೈತೆ" ಎಂದು ಕೂಗಿದೆ.

ಹೆಂಡತಿ ನನ್ನ ತೋಳು ಹಿಡಿದಳು. "ಮಡಿಲಕ್ಕೀನ ಕಸಕ್ಕೆ ಹಾಕು ಅಂತೀಯಾ?"

"ಒಂದ್ ಸೇರು ಅಕ್ಕಿಗೋಸ್ಕರ ಅವಳನ್ನ ಅಲ್ಲಿಗ್ ವಾಪಸ್ ಕಳಿಸ್ತೀಯೇನೇ ನೀನು?"

ಅಷ್ಟು ಜನರ ನಡುವೆ ನಾನು ಅವಳ ಮೇಲೆ ಹಾಗೆ ಕೂಗಿದ್ದು. ಅವಳು ಅಳಲಿಲ್ಲ. ಫೋನು ಕಿತ್ತುಕೊಂಡಳು. ಕಿತ್ತುಕೊಂಡು ಕಿವಿಗೆ ಹಿಡಿದಳು. ಮಗಳು ಅಲ್ಲಿಂದ ಹೇಳುತ್ತಿದ್ದುದು ನನಗೂ ಕೇಳುತ್ತಿತ್ತು. "ಅಮ್ಮಾ, ಡಸ್ಟ್‌ಬಿನ್ ಹತ್ರ ನಿಂತಿದೀನಿ. ಗಂಟು ಕೈಯಲ್ಲಿದೆ. ಹಾಕ್ಲಾ? ಬೇಗ ಹೇಳಮ್ಮಾ. ಕೈ ಬರ್ತಿಲ್ಲ ನಂಗೆ."

ಹೆಂಡತಿಯ ಮುಖದಲ್ಲಿ ಏನೋ ಆಯಿತು. ಅವಳು ಲೆಕ್ಕ ಹಾಕುವಾಗ ಹಾಗೆ ಹುಬ್ಬು ಗಂಟಿಕ್ಕುತ್ತಾಳೆ.

"ಚೀಲಕ್ಕೆ ತಾನೇ ತೂಕ?"

"ಹೂಂ."

"ಮೈಗೆ ತೂಕ ಹಾಕ್ತಾರೇನೇ?"

"ಇಲ್ಲಮ್ಮಾ."

"ಹಂಗಾದ್ರೆ ಅದನ್ನ ಚೀಲದಲ್ಲಿ ಯಾಕಿಟ್ಟಿದೀಯಾ? ಮಡಿಲಕ್ಕಿ ಮಡಿಲಲ್ಲಿ ಇರೋದು ಕಣಮ್ಮಾ. ವೇಲ್ ಬಿಚ್ಚಿ ನಡಕ್ಕೆ ಸುತ್ಕೋ. ಗಂಟು ಮುಂದ್ಕಡೆ ಬರ್ಲಿ. ಹೊಲದಲ್ಲಿ ಅವರೆಕಾಯಿ ಬಿಡ್ಸೋವಾಗ ಕಟ್ಕೊಳ್ಳಲ್ವಾ, ಹಂಗೆ. ಹಿಂದ್ಗಡೆ ಎರಡು ಗಂಟು ಹಾಕು. ಬಿಗಿಯಾಗಿ ಹಾಕು."

ಫೋನಿನಲ್ಲಿ ಬಟ್ಟೆಯ ಸರಸರ. ಮಗಳ ಉಸಿರು. ಮತ್ತೆ ಆ ಕಂಪನಿ ಹುಡುಗಿಯ ದನಿ, "ಏನ್ ಅಕ್ಕಾ ಇದು?" ಮಗಳು ಏನು ಹೇಳಿದಳೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಹುಡುಗಿಯೇ, "ಚೀಲ ಇಡಿ ಮೇಲೆ" ಎಂದಳು. ನಾನು ಹೆಂಡತಿಯ ಕೈಯ ಫೋನಿಗೆ ಕಿವಿ ಹಚ್ಚಿದೆ. ಇಬ್ಬರ ತಲೆ ಒಂದಕ್ಕೊಂದು ತಾಗಿತು.

"ಏಳಕ್ಕೆ ಸ್ವಲ್ಪ ಕಮ್ಮಿ" ಎಂದಳು ಮಗಳು. "ಬಿಟ್ರು ಅಪ್ಪಾ. ಬಿಟ್ರು."

"ಹೋಗು. ಓಡು."

"ಅಮ್ಮಾ..."

"ಓಡೇ."

ಲೈನು ಕಟ್ಟಾಯಿತು. ಅಷ್ಟರಲ್ಲಿ ಅಳಿಯನ ಕರೆ ಮತ್ತೆ. ನಾನು ಎತ್ತಲಿಲ್ಲ. ಕಂಬದ ಪಕ್ಕ ನೆಲದ ಮೇಲೆ ಕೂತೆವು. ಬಂದೂಕಿನವನು ಒಮ್ಮೆ ನೋಡಿ ಸುಮ್ಮನಾದ. ಫೋನು ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅಳಿಯನ ನಂಬರಿನಿಂದ, ಅವನ ಅಪ್ಪನ ನಂಬರಿನಿಂದ, ನಮ್ಮ ಪಕ್ಕದ ಮನೆಯವರ ನಂಬರಿನಿಂದ. ಹೆಂಡತಿ ಅದನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು. ಅದು ಅಲ್ಲಿಂದಲೇ ಗುರುಗುಟ್ಟಿತು.

ಮಗಳಿಂದ ಒಂದು ಮೆಸೇಜು ಬಂತು. ನಾನು ನಿಧಾನವಾಗಿ ಓದಿ ಹೆಂಡತಿಗೆ ಹೇಳಿದೆ. ಒಳಗಡೆ ಚೆಕ್ ಮಾಡುವ ಹೆಂಗಸು ಗಂಟು ಬಿಚ್ಚಿಸಿದಳಂತೆ. ಕೊಬ್ಬರಿ ಬಿಡುವುದಿಲ್ಲ ಎಂದು ತೆಗೆದಿಟ್ಟುಕೊಂಡಳಂತೆ, ಅಕ್ಕಿ ಬೆಲ್ಲ ಬಿಟ್ಟಳಂತೆ. ಎಲ್ಲರೂ ಒಳಗೆ ಹತ್ತುತ್ತಿದ್ದಾರೆ, ಫೋನ್ ಆಫ್ ಮಾಡುತ್ತೇನೆ ಎಂದು ಬರೆದಿದ್ದಳು.

"ಕೊಬ್ಬರಿ ಇಲ್ದಿದ್ರೆ?" ಎಂದೆ.

"ಇಲ್ದಿದ್ರೆ ಇಲ್ಲ" ಎಂದಳು ಹೆಂಡತಿ.

ಕಂಬದ ಮೇಲೆ ವಿಮಾನಗಳ ಹೊತ್ತು ತೋರಿಸುವ ಟಿವಿ ಇತ್ತು. ಪುಣೆಯ ಸಾಲು ಹುಡುಕಿಕೊಂಡು ಓದಿದೆ. ಹೊರಟಿತು ಎಂದು ಬಂದ ಮೇಲೂ ನಂಬಿಕೆಯಾಗದೆ, ಪಕ್ಕದಲ್ಲಿ ನಿಂತಿದ್ದ ಒಬ್ಬರನ್ನು ಕೇಳಿದೆ. "ಹೌದು, ಹೋಯ್ತು" ಎಂದರು. ಯಾವ ವಿಮಾನದೊಳಗೆ ಅವಳಿದ್ದಾಳೆ ಎಂದು ಗೊತ್ತಾಗುವ ಹಾಗಿರಲಿಲ್ಲ. ಚಾವಣಿಯ ಆಚೆ ಸದ್ದು ಮಾತ್ರ ಒಂದಾದ ಮೇಲೊಂದು ಏರುತ್ತಿತ್ತು.

ಮುಂದಿನ ಸಲ ಫೋನು ಬಂದಾಗ ಹೆಂಡತಿಯ ತೊಡೆಯ ಕೆಳಗಿನಿಂದ ತೆಗೆದು ಒತ್ತಿದೆ.

"ಮಾವ, ಎಲ್ಲಿ ಸತ್ರಿ ಎಲ್ಲಾರೂ? ಒಂದ್ ಗಂಟೆಯಿಂದ ಬಾಗ್ಲಲ್ ನಿಂತಿದೀನಿ. ಎಲ್ಲವ್ಳೆ ಅವ್ಳು?"

"ಕೆಲಸಕ್ಕೆ ಹೋದ್ಲಪ್ಪ."

"ಯಾವ್ ಕೆಲಸ? ಎಲ್ಲಿಗೆ?"

"ಅವಳು ಓದಿದ ಕೆಲಸ."

ಆ ಕಡೆಯಿಂದ ಬೈಗುಳ ಶುರುವಾಯಿತು. ನನ್ನನ್ನು, ನನ್ನ ತಾಯಿಯನ್ನು, ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಅಕ್ಷರವನ್ನು. ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ, ಒಡವೆ ಕದ್ದುಕೊಂಡು ಹೋದಳು ಎಂದು ಬರೆಸುತ್ತೇನೆ ಎಂದ. ಅವಳ ಕತ್ತಿನಲ್ಲಿ ತಾಳಿ ಬಿಟ್ಟು ಬೇರೆ ಒಡವೆಯೇ ಇರಲಿಲ್ಲ. ನಮ್ಮ ಮನೆಯ ಬೀಗ ಒಡೆಯುತ್ತೇನೆ ಎಂದ.

"ಒಡೀಬೇಡಪ್ಪ" ಎಂದೆ. "ಸಾಯಂಕಾಲದೊಳಗೆ ನಾವೇ ಬರ್ತೀವಿ. ಜಗಲಿ ಮೇಲ್ ಕೂತಿರು. ನಿಮ್ಮಪ್ಪನ್ನ, ಹಿರೀಕರನ್ನ, ಯಾರ್ಯಾರನ್ನ ಕರೀಬೇಕೋ ಕರ್ಸ್ಕೋ. ಏನ್ ಕೇಳ್ಬೇಕೋ ನಮ್ಮನ್ನ ಕೇಳು. ಅವಳನ್ನ ಕೇಳ್ಬೇಡ."

ಫೋನಿಟ್ಟ ಮೇಲೆ ಹೆಂಡತಿ ಕೇಳಿದಳು, "ಏನಂದ?"

"ಕಾಯ್ತಾನಂತೆ."

ಅವಳು ಎದ್ದು ಸೀರೆ ಕೊಡವಿಕೊಂಡಳು. ಬಸ್ಸು ನಿಲ್ಲುವ ಕಡೆ ನಡೆದೆವು. ಹೈವೇಗೆ ಹೋಗುವ ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಕಂಡಕ್ಟರು ನಮ್ಮ ಮುಖ ನೋಡಿದ. ನಾನು ಹೆಂಡತಿಯ ಮುಖ ನೋಡಿದೆ. ಇಬ್ಬರೂ ಹತ್ತಲಿಲ್ಲ. ಬಾಗಿಲು ಮುಚ್ಚಿಕೊಂಡು ಬಸ್ಸು ಹೋಯಿತು.

ಮುಂದಿನ ಬಸ್ಸಿಗೆ ಹತ್ತಿದೆವು.